ಕತ್ತಿ ಕೊಳ್ಳುವ ಮೊದಲು ಮನೆಯ ಮಸೆಗಲ್ಲು ನೋಡಿ

(ಬದಿಯಡ್ಕದ ಹತ್ತಿರದ ಒಂದು ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತು. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ. ತುಳುವಿನಲ್ಲೂ ಮಲಯಾಳದಲ್ಲೂ ಕೇಳಿದ್ದನ್ನು ಕನ್ನಡಕ್ಕೆ ತಂದುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬರುವಾಗ ಬಸ್ಸಿನಲ್ಲಿ ಈ ಗೋಣಿಚೀಲವನ್ನು ಕಾಲಡಿ ಇಟ್ಟುಕೊಂಡು ಕೂತಿದ್ದೆ. ಪಕ್ಕದವರು "ಎಂತ ಉಂಟು ಚೀಲದಲ್ಲಿ?" ಅಂತ ಕೇಳಿದರು. "ಆರು ಕತ್ತಿ" ಅಂದೆ. "ಓ, ಮಸೆಯಲಿಕ್ಕಾ" ಅಂದು ಕಿಟಕಿಯ ಕಡೆ ತಿರುಗಿದರು. ಬೆಂಗಳೂರಿನಲ್ಲಾಗಿದ್ದರೆ ನನ್ನನ್ನು ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಿದ್ದರು. ಕತ್ತಿಯನ್ನು ಕಂಡು ಹೆದರದ ಊರು ನಮ್ಮದು. ಆದರೆ ಕತ್ತಿ ಕೊಳ್ಳುವಾಗ ಮೋಸ ಹೋಗುವುದರಲ್ಲಿ ನಾವು ಬೆಂಗಳೂರಿನವರಿಗೆ ಏನೂ ಕಮ್ಮಿ ಇಲ್ಲ, ಅದನ್ನು ಹೇಳಲಿಕ್ಕೇ ಬಂದೆ.

ಮಡಚುವ ಚೂರಿಯ ವಿಷಯ ಇವತ್ತು ಬೇಡ. ಅಲಗು ಹಿಡಿಯಲ್ಲಿ ಗಟ್ಟಿಯಾಗಿ ಕೂತಿರುವ ಕತ್ತಿಗಳು ಮಾತ್ರ. ಸೊಪ್ಪು ಕಡಿಯುವ ದೊಡ್ಡ ಕತ್ತಿಯಿಂದ ಹಿಡಿದು ಅಡುಗೆಮನೆಯ ಪೀಶಕತ್ತಿಯ ತನಕ. ಈ ಪೀಶಕತ್ತಿಯನ್ನೇ ತುಳುವಿನವರು ಬಿಸತ್ತಿ ಅನ್ನುತ್ತಾರೆ, ಮಲಯಾಳದವರು ಪಿಚ್ಚಾತ್ತಿ. ಪಕ್ಕದ ಕೊಡಗಿಗೆ ಹೋದರೆ ಪೀಚೆಕತ್ತಿ, ಆದರೆ ಅಲ್ಲಿ ಅದು ತರಕಾರಿಗೆ ಅಲ್ಲ, ಬೆಳ್ಳಿಯ ಕೆಲಸ ಮಾಡಿಸಿ ಸೊಂಟದ ಚೇಲೆಗೆ ಸಿಕ್ಕಿಸಿಕೊಳ್ಳುವ ಮರ್ಯಾದೆಯ ಆಯುಧ.

ನಾನು ಲೋಹಶಾಸ್ತ್ರದ ಪಂಡಿತನಲ್ಲ. ಪೀಣ್ಯದಲ್ಲಿ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ 26 ವರ್ಷ ಕುಲುಮೆಯ ಮುಂದೆ ನಿಂತವನು. ಯಾರೋ ಮಾಡಿದ ಗೇರು, ಶಾಫ್ಟು, ಡೈ ನಮ್ಮಲ್ಲಿಗೆ ಬರುತ್ತಿತ್ತು. ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಬಿಸಿಮಾಡಿ, ಗಡಸು ಎಷ್ಟು ಬಂತು ಅಂತ ರಾಕ್‌ವೆಲ್ ಮೆಷಿನ್‌ನಲ್ಲಿ ನೋಡಿ ಕಳಿಸುವುದು. ಅದರಲ್ಲಿ ಒಂದು ಚಿಕ್ಕ ವಜ್ರದ ಮೊನೆ ಇರುತ್ತದೆ, 150 ಕಿಲೋ ಭಾರದಲ್ಲಿ ಲೋಹದೊಳಗೆ ಒತ್ತುತ್ತದೆ. ಎಷ್ಟು ಆಳ ಇಳಿಯಿತು ಅನ್ನುವುದರ ಮೇಲೆ ಅಂಕ. ಕತ್ತಿಯ ಪೆಟ್ಟಿಗೆಯ ಮೇಲೆ 58, 60 ಅಂತ ಬರೆದಿರುತ್ತಾರಲ್ಲ, ಅದು ಈ ಅಂಕ.

ಇಷ್ಟೆಲ್ಲ ಗೊತ್ತಿದ್ದವನು ಊರಿಗೆ ಬಂದ ಮೊದಲ ಮಳೆಗಾಲದಲ್ಲೇ ಬೇಸ್ತುಬಿದ್ದೆ. ಮೊಬೈಲಿನಲ್ಲಿ ನೋಡಿ ಒಂದು ಕತ್ತಿ ತರಿಸಿದೆ. ಏಳು ಇಂಚಿನ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಕಪ್ಪು ಹಿಡಿ, ಅಲಗಿನ ಮೇಲೆ 440 ಅಂತ ಅಚ್ಚು. ಆಟಿ ತಿಂಗಳು, ಬಚ್ಚಲ ಒಲೆ ಹೊತ್ತುತ್ತಿರಲಿಲ್ಲ. ಒಂದು ಕೊತ್ತಳಿಗೆಯ ಮೇಲೆ ಈ ಕತ್ತಿ ಇಟ್ಟು ಬೆನ್ನಿಗೆ ಕೊರಡಿನಿಂದ ಹೊಡೆದು ಸೀಳುತ್ತಿದ್ದೆ. ನಾಲ್ಕನೆಯ ಪೆಟ್ಟಿಗೆ ಕೈಯಲ್ಲಿ ಹಿಡಿ ಮಾತ್ರ ಉಳಿಯಿತು. ಅಲಗು ಹಾರಿ ಹಟ್ಟಿಯ ಗೋಡೆಗೆ ಬಡಿದು ಬಿತ್ತು. ದನ ಆಚೆ ಬದಿಗೆ ಇತ್ತು, ನಮ್ಮ ಪುಣ್ಯ.

ಎತ್ತಿ ನೋಡಿದೆ. ಅಲಗು ತುಂಡಾಗಿರಲಿಲ್ಲ. ಹಿಡಿಯೊಳಗೆ ಹೋಗುವ ಭಾಗ, ಅದಕ್ಕೆ ಬಾಲ ಅನ್ನುವಾ, ಅದು ಕಿರುಬೆರಳಿನಷ್ಟು ಸಪುರದ ಒಂದು ಬೋಲ್ಟು. ಅಲಗಿನ ಬುಡಕ್ಕೆ ವೆಲ್ಡಿಂಗ್ ಮಾಡಿ ಅಂಟಿಸಿದ್ದರು. ವೆಲ್ಡಿಂಗಿನ ಜಾಗದಲ್ಲೇ ಕಿತ್ತುಬಂದಿತ್ತು. 26 ವರ್ಷ ಉಕ್ಕು ನೋಡಿದವನು ಉಕ್ಕಿನ ನಂಬರನ್ನು ಮಾತ್ರ ಓದಿದ್ದೆ. ಹಿಡಿಯೊಳಗೆ ಎಂತ ಉಂಟು ಅಂತ ಕೇಳಿರಲೇ ಇಲ್ಲ.

ಆ 440ರ ವಿಷಯ ಹೇಳಿಬಿಡುತ್ತೇನೆ. 440 ಅನ್ನುವುದು ಒಂದು ಉಕ್ಕಲ್ಲ, ಒಂದು ಕುಟುಂಬ. ಅದರಲ್ಲಿ ಎ, ಬಿ, ಸಿ ಅಂತ ಮೂರು. ಎಯಲ್ಲಿ ಇಂಗಾಲ ನೂರಕ್ಕೆ 0.60ರಿಂದ 0.75, ಸಿಯಲ್ಲಿ 0.95ರಿಂದ 1.20. ಅಕ್ಷರ ಹಾಕದೆ ಬರೇ 440 ಅಂತ ಅಚ್ಚೊತ್ತಿದ್ದರೆ, "ನಾನು ಭಟ್ಟರ ಮನೆಯವನು" ಅಂದಷ್ಟೇ ಆಯಿತು. ನಮ್ಮೂರಿನಲ್ಲಿ ಎಷ್ಟು ಭಟ್ಟರ ಮನೆ ಉಂಟು! ಸರ್ಜಿಕಲ್ ಸ್ಟೀಲ್ ಅಂತ ಬರೆದಿದ್ದರಂತೂ ಏನೂ ಬರೆಯದ್ದಕ್ಕೆ ಸಮ.

ಉಕ್ಕು ಅಂದರೆ ಏನು? ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದ್ದು. ಮನೆ ಕಟ್ಟುವ ಸರಳಿನಲ್ಲಿ ನೂರು ಕಿಲೋಗೆ ಕಾಲು ಕಿಲೋದ ಸುತ್ತಮುತ್ತ ಇಂಗಾಲ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಕತ್ತಿಯ ಬಾಯಿಗೆ, ಅಂದರೆ ಹರಿತದ ಅಂಚಿಗೆ, ಬೇಕಾದ ಗಡಸು ಬಾರದು. ಕತ್ತಿಗೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗೆ ಬೇಕು. ಲಾರಿಯ ಅಡಿಯ ಸ್ಪ್ರಿಂಗಿನ ಪಟ್ಟಿ, ಅದೇ ಲೀಫ್ ಪ್ಲೇಟಿನಲ್ಲಿ ಅರ್ಧ ಕಿಲೋದಿಂದ 600 ಗ್ರಾಮಿನಷ್ಟು ಇರುತ್ತದೆ, ಜೊತೆಗೆ ಸಿಲಿಕಾನ್ ಮ್ಯಾಂಗನೀಸ್, ಇಲ್ಲವೇ ಕ್ರೋಮಿಯಂ. ಬೇರಿಂಗಿನ ಉಕ್ಕಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋ. ಇಂಗಾಲ ಏರಿದ ಹಾಗೆ ಗಡಸು ಏರುತ್ತದೆ, ಪೆಟ್ಟು ತಡೆಯುವ ಶಕ್ತಿ ಇಳಿಯುತ್ತದೆ. ಬೇರಿಂಗ್ ಉಕ್ಕಿನ ಪೀಶಕತ್ತಿ ಒಳ್ಳೆಯದು. ಅದೇ ಉಕ್ಕಿನಲ್ಲಿ ಕಟ್ಟಿಗೆ ಕಡಿಯುವ ಕತ್ತಿ ಮಾಡಿಸಿದರೆ ಗಂಟಿಗೆ ತಾಗಿದಾಗ ಬಾಯಿ ಹಲ್ಲುಹಲ್ಲಾಗುವ ಭಯ ಉಂಟು. ದೊಡ್ಡ ಕತ್ತಿಗೆ ಲೀಫ್ ಪ್ಲೇಟನ್ನು ನಮ್ಮ ಆಚಾರಿಗಳು ಹಿಡಿದದ್ದು ಸುಮ್ಮನೆ ಅಲ್ಲ.

ಒಂದು ಎಚ್ಚರಿಕೆ ಮಾತ್ರ. ಗುಜರಿಯ ಪ್ಲೇಟು ಹತ್ತು ವರ್ಷ ಘಾಟಿಯಲ್ಲಿ ಲೋಡು ಹೊತ್ತದ್ದು. ಒಳಗೆ ಕೂದಲೆಳೆಯ ಬಿರುಕು ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ಹೊಸ ಪ್ಲೇಟಿನ ತುಂಡು ಸಿಗುವುದಾದರೆ ನೂರಿನ್ನೂರು ಹೆಚ್ಚು ಕೊಟ್ಟು ಅದನ್ನೇ ತನ್ನಿ.

ಈಗ ಸ್ಟೇನ್‌ಲೆಸ್. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಅನ್ನುವವರು ಬಂದೂಕಿನ ನಳಿಗೆಗೆ ಉಕ್ಕು ಹುಡುಕುತ್ತಾ ನೂರಕ್ಕೆ ಸುಮಾರು 13 ಕ್ರೋಮಿಯಂ ಸೇರಿಸಿ ನೋಡಿದರು. ಅದು ತುಕ್ಕು ಹಿಡಿಯಲು ಒಪ್ಪಲಿಲ್ಲ. ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಪೊರೆ ಕಟ್ಟುತ್ತದೆ, ಅದೇ ಕಾಪು. ಆದರೆ ಉಪ್ಪುಗಾಳಿ ಆ ಪೊರೆಯನ್ನೂ ಚುಚ್ಚುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಮನೆ ಇದ್ದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ನಮ್ಮ ಪಾತ್ರೆಯ ಸ್ಟೀಲು, 18 ಕ್ರೋಮಿಯಂ 8 ನಿಕಲ್, ಅದರಿಂದ ಕತ್ತಿ ಮಾಡಿದರೆ ಬಾಯಿ ನಿಲ್ಲುವುದಿಲ್ಲ. ಅದು ಕಾಯಿಸಿ ಅದ್ದಿದರೆ ಗಡಸಾಗುವ ಜಾತಿಯೇ ಅಲ್ಲ. ಆಯಸ್ಕಾಂತ ಹಿಡಿದು ನೋಡಿ, ಪಾತ್ರೆಗೆ ಅಂಟುವುದಿಲ್ಲ. ಗಡಸು ಮಾಡಬಹುದಾದ ಕತ್ತಿಯ ಸ್ಟೇನ್‌ಲೆಸ್ಸಿಗೆ ಅಂಟುತ್ತದೆ. ಹಾಗಂತ ಅಂಟಿದ್ದೆಲ್ಲ ಒಳ್ಳೆಯ ಕತ್ತಿ ಅಂತಲೂ ಅಲ್ಲ, ಮೊಳೆಗೂ ಅಂಟುತ್ತದೆ.

ಇಲ್ಲಿ ಅಕ್ಕ ಒಬ್ಬರು ಕೈ ಎತ್ತಿದರು. "ಹಾಗಾದರೆ ಬಾಳೆಕಾಯಿ ಕೊರೆದರೆ ಕಬ್ಬಿಣದ ಮೆಟ್ಟುಕತ್ತಿ ಕಪ್ಪಾಗುವುದು ತುಕ್ಕೇ?" ಅಲ್ಲ. ಬಾಳೆ, ಅಡಿಕೆ, ಗೇರುಹಣ್ಣು ಇದರಲ್ಲೆಲ್ಲ ಒಗರು ಉಂಟಲ್ಲ, ಆ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪು. ಹಿಂದಿನವರು ಅಣಲೆಕಾಯಿಗೆ ಕಬ್ಬಿಣ ಹಾಕಿ ಶಾಯಿ ಮಾಡುತ್ತಿದ್ದರು, ಅದೂ ಇದೇ. ನಿಮ್ಮ ಮೆಟ್ಟುಕತ್ತಿ ದಿನಾ ಸ್ವಲ್ಪ ಶಾಯಿ ಮಾಡುತ್ತದೆ, ಅಷ್ಟೆ. ಆ ಕಪ್ಪು ಸ್ವಲ್ಪ ಮಟ್ಟಿಗೆ ತುಕ್ಕನ್ನು ತಡೆಯುತ್ತದೆ ಕೂಡ, ಉಜ್ಜಿ ಉಜ್ಜಿ ತೆಗೆಯಬೇಡಿ. ಕೆಂಪು ಕಂಡರೆ ಮಾತ್ರ ತೆಗೆಯಿರಿ. ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಸಾಕು. ತೆಂಗಿನೆಣ್ಣೆ ಅಗಸೆ ಎಣ್ಣೆಯ ಹಾಗೆ ಒಣಗಿ ಅಂಟುಅಂಟಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಉಕ್ಕಿನ ಜಾತಕ. ಜಾತಕ ಚೆನ್ನಾಗಿದ್ದು ಹದ, ಅಂದರೆ ಕಾಯಿಸಿ ಅದ್ದುವ ಕೆಲಸ, ಕೆಟ್ಟರೆ ಏನೂ ಪ್ರಯೋಜನ ಇಲ್ಲ.

ನಮ್ಮ ಮನೆಯಿಂದ ಒಂದು ಗುಡ್ಡೆ ಆಚೆ ಒಬ್ಬರು ಆಚಾರಿ ಇದ್ದಾರೆ, ಎಪ್ಪತ್ತು ದಾಟಿದೆ. ಪೀಣ್ಯದಲ್ಲಿ ನಮಗೆ ತಾಪ ತೋರಿಸುವ ಮೀಟರ್ ಇತ್ತು. ಇವರಿಗೆ ಇರುವುದು ಕತ್ತಲೆ. ಕುಲುಮೆಗೆ ಮೂರು ಕಡೆ ಗೋಡೆ, ಮಧ್ಯಾಹ್ನವೂ ಒಳಗೆ ಸಂಜೆ. ಕೆಂಪಿನ ಬಣ್ಣ ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಆ ಕತ್ತಲೆ. ನಾನು ಒಂದು ದಿನ ಆಯಸ್ಕಾಂತ ತೆಗೆದುಕೊಂಡು ಹೋದೆ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಅದ್ದುವ ಹೊತ್ತು. "ಈಗ ತೆಗೆಯಿರಿ" ಅಂತ ಅವರು ಇಕ್ಕಳ ಎತ್ತಿದಾಗ ನಾನು ಆಯಸ್ಕಾಂತ ತಾಗಿಸಿ ನೋಡಿದೆ. ಅಂಟಲಿಲ್ಲ. ಮೂರು ಕತ್ತಿಗೆ ಹಾಗೆ ನೋಡಿದೆ, ಮೂರರಲ್ಲೂ ಸರಿ. ನಾಲ್ಕನೆಯದಕ್ಕೆ ಅವರು ನನ್ನ ಮುಖ ನೋಡಿ "ಸಾಕಾ?" ಅಂದರು. ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡೆ.

ಅವರು ಅಲಗನ್ನು ಇಡೀ ಅದ್ದುವುದಿಲ್ಲ. ಬಾಯಿಯ ಕಡೆಯ ಒಂದು ಬೆರಳಗಲ ಮಾತ್ರ ನೀರಿಗೆ ಇಳಿಸುತ್ತಾರೆ, ನಿಧಾನಕ್ಕೆ ಹಿಂದೆ ಮುಂದೆ ಆಡಿಸುತ್ತಾರೆ. ಆಗ ಕಿವಿ ನೀರಿನ ಕಡೆ. ಟಿಕ್ ಅಂತ ಸಣ್ಣ ಸದ್ದು ಬಂದರೆ ಅಲಗು ಬಿರಿದಿದೆ, ಅದನ್ನು ಮೂಲೆಗೆ ಎಸೆಯುತ್ತಾರೆ. ಸದ್ದು ಬರದಿದ್ದರೆ ಎತ್ತಿ, ಒಂದು ಒಡೆದ ಮಸೆಗಲ್ಲಿನ ತುಂಡಿನಿಂದ ಬಾಯಿಯ ಬದಿಯನ್ನು ಎರಡು ಸಲ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಮತ್ತೆ ಕಾಯುವುದು. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಇಳಿಯುತ್ತಾ ಬರುತ್ತದೆ, ಆ ಬೆಳ್ಳಗಿನ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣ ಬೈಹುಲ್ಲಿನ ಬಣ್ಣ, ಅದು ಸುಮಾರು 220ರಿಂದ 230 ಡಿಗ್ರಿ. ಆಮೇಲೆ ಕಂದು, 250ರ ಆಸುಪಾಸು. ಆಮೇಲೆ ನೇರಳೆ. ಕೊನೆಗೆ ನವಿಲಿನ ಕುತ್ತಿಗೆಯ ನೀಲಿ, 290ರಿಂದ 300. ಪೀಶಕತ್ತಿಯಾದರೆ ಬೈಹುಲ್ಲು ಬಣ್ಣಕ್ಕೇ ನೀರಿಗೆ. ಸೊಪ್ಪು ಕಡಿಯುವ ಕತ್ತಿಗೆ ಕಂದು ದಾಟಿ ನೇರಳೆ ಮುಟ್ಟಬೇಕು. ಐದಾರು ಸೆಕೆಂಡಿನ ಆಟ, ಅಷ್ಟು ಹೊತ್ತು ಅವರ ಬಾಯಲ್ಲಿ ಮಾತಿಲ್ಲ, ಎಲೆಯಡಿಕೆಯೂ ಒಂದು ಬದಿಗೆ.

ಹೀಗೆ ಮಾಡಿದ ಕತ್ತಿಯಲ್ಲಿ ಬಾಯಿ ಗಡಸು, ಬೆನ್ನು ಮೆದು. ಪೆಟ್ಟು ಬಿದ್ದಾಗ ಬೆನ್ನು ತಾಳಿಕೊಳ್ಳುತ್ತದೆ. ಕಾರ್ಖಾನೆಯ ಕತ್ತಿಗಳಲ್ಲಿ ಸಾಮಾನ್ಯವಾಗಿ ಬೆನ್ನಿನಿಂದ ಬಾಯಿಯವರೆಗೆ ಒಂದೇ ಗಡಸು. ಅದು ತಪ್ಪಲ್ಲ, ಪ್ರತಿಯೊಂದೂ ಒಂದೇ ತರ ಬರುತ್ತದೆ ಅನ್ನುವುದು ಅದರ ಗುಣ. ಆಚಾರಿಯ ಕತ್ತಿಯಲ್ಲಿ ಹತ್ತರಲ್ಲಿ ಒಂದು ಮೆದು ಬಂದರೂ ಬರಬಹುದು. ಆದರೆ ಅದನ್ನು ತಿರುಗಿ ತೆಗೆದುಕೊಂಡು ಹೋಗಿ ಬೈಯಲಿಕ್ಕೆ ಒಂದು ಮನೆ ಉಂಟು!

ಉಕ್ಕು ಅನ್ನುವ ನಮ್ಮ ಮಾತು ಇಂಗ್ಲಿಷಿಗೆ ಹೋಗಿ ವೂಟ್ಸ್ ಆಯಿತು ಅಂತ ನೀವು ಓದಿರಬಹುದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದರು, ಮುಂದೆ ಫ್ಯಾರಡೆ ಕೂಡ ಅದನ್ನು ಪರೀಕ್ಷೆ ಮಾಡಿದರು. ಮೂಸೆಯಲ್ಲಿ ಕರಗಿಸಿದ ಆ ಉಕ್ಕಿನ ಮೈಯಲ್ಲಿ ನೀರಿನ ಅಲೆಯಂಥ ಗೆರೆ ತಾನಾಗಿ ಮೂಡುತ್ತಿತ್ತು. ಅಂಥದೇ ಗೆರೆ ತೋರಿಸಿ ಈಗ ಡಮಾಸ್ಕಸ್ ಅಂತ ಮಾರುವುದು ಸಾಮಾನ್ಯವಾಗಿ ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದದ್ದು. ಅಗ್ಗದ್ದಾದರೆ ಮೇಲೆ ಅಚ್ಚು ಹಾಕಿದ್ದು ಮಾತ್ರ. ಮರಳು ಕಾಗದದಿಂದ ಒಂದು ಮೂಲೆ ಉಜ್ಜಿ, ಮತ್ತೆ ವಿನೆಗರಿನಲ್ಲಿ ನೆನೆಸಿ ನೋಡಿ. ಬೆಸೆದದ್ದಾದರೆ ಗೆರೆ ತಿರುಗಿ ಕಾಣುತ್ತದೆ. ಅಚ್ಚಾದರೆ ಹೋದದ್ದು ಹೋಯಿತು. ಎರಡರಲ್ಲಿ ಯಾವುದಾದರೂ ಚಂದಕ್ಕೆ ಕೊಡುವ ದುಡ್ಡೇ ಅದು, ಕೊರೆಯುವುದಕ್ಕಲ್ಲ.

ಇನ್ನು ತಲೆಬರಹದ ಮಸೆಗಲ್ಲಿಗೆ ಬರುತ್ತೇನೆ. ಕಳೆದ ವರ್ಷ ನಮ್ಮ ಭಾವ ಒಬ್ಬರು ಡಿ2 ಅನ್ನುವ ಉಕ್ಕಿನ ಕತ್ತಿ ತರಿಸಿದರು. ಡಿ2 ನನಗೆ ಹಳೆ ಪರಿಚಯ, ಪೀಣ್ಯದಲ್ಲಿ ಡೈಗಳಿಗೆ ಅದೇ. ನೂರಕ್ಕೆ ಒಂದೂವರೆ ಇಂಗಾಲ, 12ರ ಹತ್ತಿರ ಕ್ರೋಮಿಯಂ. ಬಾಯಿ ತಿಂಗಳುಗಟ್ಟಲೆ ನಿಂತಿತು, ಭಾವ ಖುಷಿ. ಮಳೆಗಾಲಕ್ಕೆ ಮೊಂಡಾಯಿತು. ಬಾವಿಕಟ್ಟೆಯ ಪಕ್ಕದ ಅಜ್ಜನ ಕಾಲದ ಮಸೆಗಲ್ಲಿನಲ್ಲಿ ಒಂದು ಗಂಟೆ ತಿಕ್ಕಿದರು. ಕಲ್ಲು ಸವೆಯಿತು, ಕತ್ತಿ ಹಾಗೇ ಇತ್ತು. ನನಗೆ ಫೋನ್ ಮಾಡಿ "ಭಾವಾ, ಇದೆಂತ ಕತ್ತಿ ಮಾರಾಯ" ಅಂದರು.

ಡಿ2ನಲ್ಲಿ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಅನ್ನುವ ಗಟ್ಟಿ ಕಾಳುಗಳಾಗಿ ಉಕ್ಕಿನೊಳಗೆ ಕೂತಿರುತ್ತದೆ, ಅಕ್ಕಿಯೊಳಗೆ ಕಲ್ಲು ಇದ್ದ ಹಾಗೆ. ನಮ್ಮ ಮಸೆಗಲ್ಲಿನಲ್ಲಿ ಮಸೆಯುವುದು ಅದರೊಳಗಿನ ಮರಳಿನ ಹರಳು. ಆ ಕಾಳುಗಳು ಈ ಹರಳಿಗಿಂತ ಗಟ್ಟಿ. ಅದಕ್ಕೆ ವಜ್ರದ ಪುಡಿ ಅಂಟಿಸಿದ ಪ್ಲೇಟ್ ಬೇಕು, ಇಲ್ಲವೇ ಸಿಲಿಕಾನ್ ಕಾರ್ಬೈಡ್ ಕಲ್ಲು. ಅಂದರೆ ಕತ್ತಿಗೆ ಕೊಟ್ಟ ದುಡ್ಡಲ್ಲದೆ ಕಲ್ಲಿಗೆ ಬೇರೆ ದುಡ್ಡು. ಮಸೆಯುವುದನ್ನು ಯಾರೂ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ. ಆದರೆ ಕತ್ತಿಯ ಜೊತೆ ನಮ್ಮ ಸಂಸಾರ ನಡೆಯುವುದೇ ಮಸೆಗಲ್ಲಿನ ಮೇಲೆ. ಮನೆಯಲ್ಲಿ ಇರುವುದು ಹಳೆಯ ಕಲ್ಲಾದರೆ ಸಾದಾ ಕಾರ್ಬನ್ ಉಕ್ಕು, 56ರಿಂದ 58 ಗಡಸು. ಹತ್ತು ನಿಮಿಷದಲ್ಲಿ ಬಾಯಿ ಬರುತ್ತದೆ. ಬೇಗ ಮೊಂಡಾಗುತ್ತದೆ ಅಂತ ನೀವು ಹೇಳಬಹುದು. ಆಗಲಿ, ಮತ್ತೆ ಹತ್ತು ನಿಮಿಷ.

ಅಡುಗೆಮನೆಗಾದರೆ ನನ್ನ ಲೆಕ್ಕ ಬೇರೆ. ಹುಳಿ, ಉಪ್ಪು, ಕೆಲಸದ ಗಡಿಬಿಡಿಯಲ್ಲಿ ಒರೆಸದೆ ಇಡುವುದು, ಅಲ್ಲಿ ಸ್ಟೇನ್‌ಲೆಸ್ ಒಳ್ಳೆಯದು. ಜರ್ಮನಿಯ ಅಡುಗೆ ಕತ್ತಿಗಳಲ್ಲಿ ಬರುವ 1.4116 ಅನ್ನುವ ಉಕ್ಕಿನಲ್ಲಿ ನೂರಕ್ಕೆ ಇಂಗಾಲ ಅರ್ಧ, ಕ್ರೋಮಿಯಂ 15. ಹಳೆ ಕಲ್ಲಿನಲ್ಲೂ ಮಸೆಯಬಹುದು. ತೆಳ್ಳಗಿನ ಬಾಯಿ ಬೇಕಿದ್ದು ಒಳ್ಳೆಯ ಕಲ್ಲೂ ಇದ್ದರೆ ಸ್ವೀಡನ್ನಿನ 14ಸಿ28ಎನ್ ನನಗೆ ಇಷ್ಟ.

ಉಕ್ಕು ಸಾಕು, ಕಟ್ಟುವಿಕೆಗೆ ಬರುವಾ. ಈ ಆರೂ ಕತ್ತಿ ನಿಮ್ಮ ಕೈಗೆ ಬರುತ್ತದೆ, ಒಂದೊಂದನ್ನೇ ನೋಡಿ ದಾಟಿಸಿ. ಮೊದಲು ಒಂದು ಕಣ್ಣು ಮುಚ್ಚಿ ಬೆನ್ನಿನ ಮೇಲಿಂದ ಮೊನೆಯ ಕಡೆ ನೋಡಿ, ಬಂದೂಕಿನ ಗುರಿ ನೋಡಿದ ಹಾಗೆ. ಅಲಗು ಬಾಗಿದ್ದರೆ ಗೊತ್ತಾಗುತ್ತದೆ. ಆಮೇಲೆ ಹಿಡಿಯನ್ನು ಸಡಿಲವಾಗಿ ಹಿಡಿದು ಬೆನ್ನಿಗೆ ಉಗುರಿನಿಂದ ತಟ್ಟಿ. ಗಟ್ಟಿ ಕೂತಿದ್ದರೆ ಸ್ವಚ್ಛ ಸದ್ದು, ಒಳಗೆ ಸಡಿಲ ಇದ್ದರೆ ಗುರ್ರ್ ಅನ್ನುತ್ತದೆ. ಕಾಗದ ಕೊರೆದು ತೋರಿಸುವ ಅಂಗಡಿಯವರನ್ನು ನಂಬಬೇಡಿ. ಹೊಸ ಬಾಯಿ ಎಂಥ ತಗಡಿನದ್ದಾದರೂ ಕಾಗದ ಕೊರೆಯುತ್ತದೆ. ಅದರ ಬದಲು ಸಣ್ಣ ಹಲ್ಲಿನ ಅರವನ್ನು ಬಾಯಿಯ ಹತ್ತಿರ ಮೆಲ್ಲ ಎಳೆಯಿರಿ. ಗಾಜಿನ ಮೇಲೆ ಎಳೆದ ಹಾಗೆ ಜಾರಿದರೆ ಗಡಸು ಉಂಟು, ಕಚ್ಚಿದರೆ ಮೆದು. ಕೊಳ್ಳುವ ಮೊದಲು ಅಂಗಡಿಯವರು ಬಿಡುವುದಿಲ್ಲ ಅನ್ನುವುದು ಬೇರೆ ಮಾತು.

ಬಾಲದ ವಿಷಯ. ಅಲಗಿನ ಅಗಲವೇ ಹಿಡಿಯ ತುದಿಯವರೆಗೂ ಹೋಗಿ, ಎರಡು ಬದಿಗೆ ಮರದ ಹೋಳು ಕೂರಿಸಿ ರಿವೆಟ್ ಹೊಡೆದದ್ದು ಒಂದು ಬಗೆ. ಎಲ್ಲರೂ ಅದೇ ಗಟ್ಟಿ ಅನ್ನುತ್ತಾರೆ, ಸುಳ್ಳಲ್ಲ. ಆದರೆ ನಮ್ಮ ಜೂನ್ ಜುಲೈ ಮಳೆಗೆ ಮರ ಉಬ್ಬಿ, ಡಿಸೆಂಬರಿನ ಗಾಳಿಗೆ ಕುಗ್ಗಿ, ಹೋಳು ಮತ್ತು ಉಕ್ಕಿನ ನಡುವೆ ಸಂದು ಬೀಳುತ್ತದೆ. ಒಳಗೆ ನೀರು ನಿಲ್ಲುತ್ತದೆ. ಹೊರಗೆ ಹೊಳೆಯುವ ಕತ್ತಿ ಒಳಗಿಂದ ತಿಂದುಹೋಗುತ್ತದೆ. ನಮ್ಮ ಆಚಾರಿಗಳ ಕ್ರಮ ಬೇರೆ. ಬಾಲ ಸಪುರ, ಆದರೆ ಅಲಗಿನ ಜೊತೆ ಒಂದೇ ತುಂಡಾಗಿ ಬಡಿದದ್ದು. ಬುಡದಲ್ಲಿ ಒಂದು ಬಳೆ, ಹಿಡಿಯ ತೂತಿಗೆ ಅರಗು ತುಂಬಿ ಬಿಸಿ ಬಾಲವನ್ನು ಒಳಗೆ ತಳ್ಳಿ, ಹಿಂದೆ ಹೊರಬಂದ ತುದಿಯನ್ನು ಮಡಚಿ ಬಡಿದದ್ದು. ಅರಗು ನೀರನ್ನು ಒಳಗೆ ಬಿಡುವುದಿಲ್ಲ. ಅಗ್ಗದ ರಿವೆಟ್ ಹಿಡಿಗಿಂತ ಇದು ನಮ್ಮ ಹವೆಗೆ ಹೆಚ್ಚು ಬಾಳುತ್ತದೆ ಅನ್ನುವುದು ನನ್ನ ಅನುಭವ.

ಯಾವ ಬಗೆಯಾದರೂ ಅಲಗು ಸಪುರವಾಗಿ ಬಾಲವಾಗುವ ಆ ಮೂಲೆಯನ್ನು ನೋಡಿ. ಮೂಲೆಮಟ್ಟ ಇಟ್ಟು ಕೊರೆದ ಹಾಗೆ ಚೂಪಾಗಿದ್ದರೆ ಪೆಟ್ಟಿನ ಒತ್ತಡವೆಲ್ಲ ಅಲ್ಲಿಗೇ ಬಂದು ಸೇರುತ್ತದೆ, ಬಿರುಕು ಅಲ್ಲಿಂದಲೇ ಶುರು. ಅಲ್ಲಿ ಸ್ವಲ್ಪ ಬಳುಕು ಇರಬೇಕು, ಕೊಂಬೆ ಕಾಂಡದಿಂದ ಹೊರಡುವ ಹಾಗೆ. ಬೆನ್ನು ದಪ್ಪ ಇದ್ದಷ್ಟೂ ಒಳ್ಳೆಯ ಕತ್ತಿ ಅನ್ನುವುದೂ ಭ್ರಮೆ. ಆರು ಮಿಲಿಮೀಟರ್ ಬೆನ್ನಿನ ಕತ್ತಿಯಲ್ಲಿ ಸೌತೆಕಾಯಿ ಕೊರೆದರೆ ಅದು ಕೊರೆಯುವುದಿಲ್ಲ, ಸೀಳುತ್ತದೆ. ಪೀಶಕತ್ತಿಗೆ ಎರಡು ಸಾಕು.

ಹುಡುಗ ಒಬ್ಬ ಕೇಳಿದ. "ದೊಡ್ಡ ಕತ್ತಿ ಆನ್‌ಲೈನಿನಲ್ಲಿ ತರಿಸಿದರೆ ಪೊಲೀಸ್ ಕೇಸ್ ಆಗುತ್ತದಾ?" ಆಯುಧ ಕಾಯ್ದೆಯ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧ ಅಂತ ಲೆಕ್ಕ, ಮನೆ ಮತ್ತು ಕೃಷಿಯ ಬಳಕೆಗೆ ಮಾಡಿದ್ದನ್ನು ಬಿಟ್ಟು. ಸೊಪ್ಪು ಕಡಿಯುವ ಕತ್ತಿಗೆ ಹೆದರಬೇಡ. ಎರಡೂ ಬದಿ ಹರಿತದ ಬಾಕು ತರಿಸಿ ಕೃಷಿಗೆ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಅದರಿಂದ ಎಳನೀರಿನ ಬೊಂಡ ಕೆತ್ತಲಿಕ್ಕೂ ಆಗುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಬೆಂಚಿನಿಂದ. "ಆ ಹಾರಿಹೋದ ಅಲಗನ್ನು ಎಂತ ಮಾಡಿದಿರಿ?" ಇಕೊಳ್ಳಿ, ನಿಮ್ಮ ಕೈಯಲ್ಲಿರುವ ಆರನೆಯದು ಅದೇ. ಅರ ಎಳೆದು ನೋಡಿದೆ, ಜಾರಿತು. ಉಕ್ಕು ಕೆಟ್ಟದಾಗಿರಲಿಲ್ಲ. ಬುಡದ ಮೂರು ಇಂಚನ್ನು ನೀರು ಹನಿಸುತ್ತಾ ಗ್ರೈಂಡರಿನಲ್ಲಿ ಸವೆಸಿ ಅದರಲ್ಲೇ ಬಾಲ ಮಾಡಿದೆ, ಬಿಸಿಯಾಗಿ ಬಾಯಿಯ ಹದ ಹೋಗಬಾರದಲ್ಲ. ಗರಗಸದ ಹಲ್ಲೂ ಆ ಸವೆತದಲ್ಲೇ ಹೋಯಿತು. ಆಚಾರಿಯವರು ಕಾಸರಕನ ಮರದ ಹಿಡಿ ಹಾಕಿಕೊಟ್ಟರು. ನಮ್ಮ ಕಾಸರಗೋಡಿನ ಹೆಸರೇ ಆ ಮರದಿಂದ ಬಂತು ಅನ್ನುವವರಿದ್ದಾರೆ. ದುಡ್ಡು ಎಷ್ಟು ಅಂತ ಕೇಳಿದೆ. ಮುರಿದ ಪ್ಲಾಸ್ಟಿಕ್ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, "ಇದನ್ನು ಇಲ್ಲಿ ಬಿಟ್ಟು ಹೋಗಿ, ಬಂದವರಿಗೆ ತೋರಿಸಲಿಕ್ಕೆ ಆಯಿತು" ಅಂದರು. ಕುಲುಮೆಯ ಮಾಡಿನ ಕೆಳಗೆ ಅದು ಈಗಲೂ ನೇತಾಡುತ್ತಾ ಉಂಟು.